ಪದ ಪರಿಚಯ: ನೀರಿನ ಒತ್ತಡ

ಕಳೆದ ವಾರ ನೆರೆಮನೆಯ ಅಣ್ಣ ಒಂದು ಚೀಟಿ ಹಿಡಿದುಕೊಂಡು ಬಂದರು. ವಾಷಿಂಗ್ ಮೆಷಿನ್ ರಿಪೇರಿಗೆ ಬಂದವನು ಬರೆದುಕೊಟ್ಟು ಹೋದದ್ದು: ‘ನೀರಿನ ಒತ್ತಡ ಕಡಿಮೆ. ಪಂಪ್ ಬೇಕು.’ ಈ ವರ್ಷ ನಾನು ನೋಡುತ್ತಿರುವ ಇಂಥ ಮೂರನೆಯ ಚೀಟಿ ಇದು. ಮೊದಲನೆಯ ಮನೆಯವರು ಹೇಳಿದಂತೆ ಕೇಳಿ ಪಂಪ್ ತಂದರು. ಎರಡನೆಯವರು ಸ್ವಂತ ಬುದ್ಧಿ ಓಡಿಸಿ, ತಾರಸಿಯ ಮೇಲಿದ್ದ 500 ಲೀಟರಿನ ಟಾಂಕಿ ತೆಗೆದು 1000 ಲೀಟರಿನದನ್ನು ಕೂರಿಸಿದರು. ಎರಡೂ ಮನೆಗಳಲ್ಲಿ ಮೆಷಿನ್ ಈಗಲೂ ನೀರು ತುಂಬುವ ಹೊತ್ತಿಗೆ ನಿಂತು ಕೀಂ ಕೀಂ ಎನ್ನುತ್ತದೆ. ‘ಒತ್ತಡ’ ಎಂದು ಬರೆಯುವ ಕೈಗೆ ಅದರ ಅರ್ಥ ಗೊತ್ತಿದ್ದಿದ್ದರೆ ಇಷ್ಟು ಖರ್ಚಾಗುತ್ತಿರಲಿಲ್ಲ.

‘ಒತ್ತು’ ಎಂಬ ಧಾತುವಿನಿಂದ ಒತ್ತಡ. ‘ಕಟ್ಟು’ವಿನಿಂದ ಕಟ್ಟಡ ಆದ ಹಾಗೆ. ಒತ್ತಾಯ, ಒತ್ತಕ್ಷರ, ಒತ್ತುವರಿ ಎಲ್ಲವೂ ಇದೇ ಮನೆಯ ಮಕ್ಕಳು. ತುಳುವಿನಲ್ಲಿ ‘ಒತ್ತುನಿ’ ಎಂದರೂ ಇದೇ. ಈ ಪದಗಳಲ್ಲಿ ಒಂದು ವಸ್ತು ಇನ್ನೊಂದರ ಮೇಲೆ ಬಲ ಹಾಕುವ ಮಾತಿದೆಯೇ ಹೊರತು, ಏನಾದರೂ ಹರಿದು ಬಂತು ಎಂಬ ಮಾತು ಎಲ್ಲಿಯೂ ಇಲ್ಲ. ಪಕ್ಕದವನ ಜಾಗವನ್ನು ಒತ್ತುವರಿ ಮಾಡಿದವನು ಅಲ್ಲೇ ಬೇಲಿ ಹಾಕಿ ಕೂತಿರುತ್ತಾನೆ, ಹರಿದುಹೋಗುವುದಿಲ್ಲ.

ಒತ್ತುಶ್ಯಾವಿಗೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂದ ಉಂಡೆಯನ್ನು ಬಿಸಿಯಿರುವಾಗಲೇ ಒರಳಿಗೆ ಹಾಕಬೇಕು. ಯಾರದೋ ಫೋನ್ ಬಂದು ಉಂಡೆ ಆರಿತೋ, ಹಿಡಿಕೆಯ ಮೇಲೆ ಮೈಭಾರವನ್ನೆಲ್ಲ ಬಿಟ್ಟರೂ ಅಚ್ಚಿನ ಅಡಿಯಲ್ಲಿ ನಾಲ್ಕು ಎಳೆ ಇಣುಕಿದರೆ ಪುಣ್ಯ. ಒತ್ತಡಕ್ಕೆ ಅಲ್ಲಿ ಏನೂ ಕೊರತೆಯಿಲ್ಲ, ತೋಳು ಬಿದ್ದುಹೋಗುವಷ್ಟಿದೆ. ಇಲ್ಲದಿರುವುದು ಹರಿವು. ಅದೇ ಒರಳಿಗೆ ದೊಡ್ಡ ತೂತಿನ ಅಚ್ಚು ಹಾಕಿ ಮೆತ್ತಗಿನ ಹಿಟ್ಟು ತುಂಬಿದರೆ ಮಗು ಒತ್ತಿದರೂ ಸರಸರನೆ ಇಳಿಯುತ್ತದೆ. ಆಗ ಒತ್ತಡ ಕಡಿಮೆ, ಹರಿವು ಹೆಚ್ಚು. ಎರಡಕ್ಕೂ ಸಂಬಂಧ ಇದೆ, ಆದರೆ ಎರಡೂ ಒಂದಲ್ಲ.

ನಮ್ಮ ಜನರಿಗೆ ಈ ಭೇದ ತಿಳಿಯದು ಎಂದೂ ಹೇಳುವಂತಿಲ್ಲ. ಡಾಕ್ಟರು ‘ರಕ್ತ ಕಡಿಮೆ’ ಎಂದರೆ ಕಬ್ಬಿಣದ ಮಾತ್ರೆ, ‘ರಕ್ತದೊತ್ತಡ ಕಡಿಮೆ’ ಎಂದರೆ ಬೇರೆ ಉಪಚಾರ ಎಂಬುದು ಎಲ್ಲ ಅಜ್ಜಿಯರಿಗೂ ಗೊತ್ತು. ರಕ್ತದ ವಿಷಯದಲ್ಲಿ ಇಷ್ಟು ಜಾಗ್ರತೆ ಇರುವವರು ನೀರಿನ ವಿಷಯಕ್ಕೆ ಬಂದ ಕೂಡಲೇ ‘ಪ್ರೆಶರ್ ಇಲ್ಲ’, ‘ಫೋರ್ಸ್ ಇಲ್ಲ’ ಎಂದು ಎಲ್ಲವನ್ನೂ ಒಂದೇ ಗೋಣಿಗೆ ತುಂಬುತ್ತಾರೆ.

ಕಾಸರಗೋಡಿನಲ್ಲಿ ಇನ್ನೊಂದು ತಮಾಷೆ ಇದೆ. ಮಲಯಾಳದಲ್ಲಿ ಒತ್ತಡಕ್ಕೆ ‘ಮರ್ದಂ’. ಟಿವಿಯ ಹವಾಮಾನ ಸುದ್ದಿಯಲ್ಲಿ ‘ನ್ಯೂನಮರ್ದಂ’ (ಗಾಳಿಯ ಒತ್ತಡ ಕಡಿಮೆ, ಮಳೆ ಬರಬಹುದು) ಎಂದರೆ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಒಳಗೆ ಬರುತ್ತದೆ. ಕನ್ನಡದಲ್ಲಿ ಮರ್ದನ ಎಂದರೆ ಎಣ್ಣೆ ತಿಕ್ಕುವುದು, ಇಲ್ಲವೇ ಕಾಳಿಂಗನ ಹೆಡೆ ತುಳಿಯುವುದು. ಮಲಯಾಳದ ಕೈಪಿಡಿಯನ್ನು ಕನ್ನಡಕ್ಕೆ ತಂದ ಒಂದು ಹಾಳೆಯಲ್ಲಿ ‘ಸಾಕಷ್ಟು ಜಲಮರ್ದನ ಇರಲಿ’ ಎಂದು ಓದಿದ್ದೇನೆ. ಆದರೆ ಅದೇ ಹವಾಮಾನದ ಸುದ್ದಿಗೆ ಕನ್ನಡ ಪತ್ರಿಕೆಗಳು ಬರೆಯುವ ‘ವಾಯುಭಾರ ಕುಸಿತ’ ಎಂಬ ಮಾತು ನೋಡಿ. ಅಲ್ಲಿ ‘ಭಾರ’ ಇದೆ. ನನ್ನನ್ನು ಕೇಳಿದರೆ ಒತ್ತಡಕ್ಕಿಂತ ಅದೇ ಒಳ್ಳೆಯ ಪದ, ಏಕೆಂದರೆ ಸಂಗತಿ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನೂ ಅದು ಹೇಳಿಬಿಡುತ್ತದೆ: ಮೇಲೆ ನಿಂತಿರುವುದರ ತೂಕದಿಂದ. ‘ನೀರಿನ ಭಾರ’ ಎಂದೇ ರೂಢಿಯಾಗಿದ್ದಿದ್ದರೆ ಜನ ಮೊದಲು ಟಾಂಕಿಯ ಎತ್ತರ ನೋಡುತ್ತಿದ್ದರು.

ಎತ್ತರದ್ದೇ ಲೆಕ್ಕ. ನಳ್ಳಿಯಿಂದ ಟಾಂಕಿಯ ನೀರಿನ ಮಟ್ಟಕ್ಕೆ 10 ಮೀಟರ್ ಎತ್ತರವಿದ್ದರೆ ಸುಮಾರು 1 ಬಾರ್ ಒತ್ತಡ. ಮೆಷಿನ್‌ನ ಕೈಪಿಡಿಯಲ್ಲಿ ಬೇಕಾದ ಒತ್ತಡವನ್ನು ಮೆಗಾಪಾಸ್ಕಲ್‌ನಲ್ಲಿ ಕೊಟ್ಟಿದ್ದರೆ ನೂರರಿಂದ ಗುಣಿಸಿದರೆ ಮೀಟರ್ ಸಿಗುತ್ತದೆ, 0.05 ಎಂದರೆ 5 ಮೀಟರ್. ಟಾಂಕಿ ಎಷ್ಟು ಅಗಲ, ಎಷ್ಟು ಲೀಟರ್, ಪೈಪ್ ಎಷ್ಟು ದಪ್ಪ ಎಂಬುದು ನಿಂತ ನೀರಿನ ಒತ್ತಡದ ಲೆಕ್ಕಕ್ಕೆ ಬರುವುದೇ ಇಲ್ಲ. 17ನೆಯ ಶತಮಾನದಲ್ಲೇ ಫ್ರಾನ್ಸಿನ ವಿಜ್ಞಾನಿ ಪಾಸ್ಕಲ್ ಇದನ್ನು ವಿವರಿಸಿ ಹೋದ. 1971ರಲ್ಲಿ ಒತ್ತಡದ ಮಾನಕ್ಕೆ ಅವನ ಹೆಸರನ್ನೇ ಇಟ್ಟರು. ಇಷ್ಟಾದ ಮೇಲೂ ನಮ್ಮಲ್ಲಿ ದೊಡ್ಡ ಟಾಂಕಿ ಕೂರಿಸಿ ಒತ್ತಡಕ್ಕೆ ಕಾಯುತ್ತಾರೆ. 1000 ಲೀಟರಿನದು 500ರದ್ದಕ್ಕಿಂತ ಒಂದು ಗೇಣು ಎತ್ತರವಿದ್ದರೆ, ಸಿಕ್ಕಿದ ಲಾಭ ಆ ಒಂದು ಗೇಣು.

ಕಾಸರಗೋಡು ಜಿಲ್ಲೆಯ ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಗುಡ್ಡದ ಮನೆಗಳನ್ನು ನೋಡಿ. ಮುರಕಲ್ಲನ್ನು ಅಡ್ಡಕ್ಕೆ ಕೊರೆದ ಸುರಂಗದಿಂದ ನೀರು ಪಂಪ್ ಇಲ್ಲದೆ ಇಳಿದು ಬರುತ್ತದೆ. ಸುರಂಗ ಮನೆಯಿಂದ 15 ಮೀಟರ್ ಮೇಲಿದ್ದರೆ ನಳ್ಳಿ ಮುಚ್ಚಿರುವಾಗ ಪೈಪಿನ ತುದಿಯಲ್ಲಿ ಒಂದೂವರೆ ಬಾರ್, ಪೇಟೆಯ ಎಷ್ಟೋ ಮನೆಗಳಿಗಿಂತ ಹೆಚ್ಚು. ಆದರೆ ಏಪ್ರಿಲ್ ಬಂದಾಗ ಸುರಂಗದ ಒರತೆ ಕಿರುಬೆರಳಿನಷ್ಟಕ್ಕೆ ಇಳಿಯುತ್ತದೆ. ಎತ್ತರ ಹಾಗೇ ಇದೆ, ನೀರಿಲ್ಲ. ಅಲ್ಲಿಗೆ ಪಂಪ್ ಹಾಕಿದರೆ ಅದು ಪೈಪನ್ನು ಬರಿದು ಮಾಡಿ ಗಾಳಿ ಎಳೆಯುತ್ತದೆ, ಅಷ್ಟೆ. ಹಿಂದೆ ಅಡಿಕೆ ಮರವನ್ನು ಸೀಳಿ ಟೊಳ್ಳು ಮಾಡಿದ ದಂಬೆಯಲ್ಲಿ ನೀರು ತರುತ್ತಿದ್ದ ಕಾಲದಲ್ಲಿ ಈ ಗೊಂದಲ ಇರಲೇ ಇಲ್ಲ. ದಂಬೆಯ ಮೇಲ್ಭಾಗ ತೆರೆದಿರುತ್ತಿತ್ತು. ಎಷ್ಟು ನೀರು ಬರುತ್ತಿದೆ ಎಂದು ಕಣ್ಣಿಗೆ ಕಾಣುತ್ತಿತ್ತು.

ಇನ್ನು ಮೆಷಿನ್. ಎಲ್‌ಜಿಯಲ್ಲಿ ‘ಐಇ’, ಸ್ಯಾಮ್‌ಸಂಗ್‌ನಲ್ಲಿ ‘4ಸಿ’ ಎಂದು ಬಂದರೆ ನೀರು ಸರಿಯಾಗಿ ಒಳಗೆ ಬರುತ್ತಿಲ್ಲ ಎಂದರ್ಥ. ಒತ್ತಡ ಕಡಿಮೆ ಎಂದು ಅದು ಹೇಳುವುದಿಲ್ಲ, ಹೇಳಲು ಸಾಧ್ಯವೂ ಇಲ್ಲ. ನಳ್ಳಿಯ ಒತ್ತಡ ಅಳೆಯುವ ಸಾಧನ ಮನೆಬಳಕೆಯ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಗೊತ್ತುಮಾಡಿದ ಸಮಯದೊಳಗೆ ಡ್ರಮ್ಮಿನ ನೀರು ಗೊತ್ತುಮಾಡಿದ ಮಟ್ಟಕ್ಕೆ ಏರಲಿಲ್ಲ ಎಂಬುದಷ್ಟೇ ಅದಕ್ಕೆ ತಿಳಿಯುವುದು. ಅದು ಹರಿವಿನ ದೂರು. ರಿಪೇರಿಯವನು ಅದನ್ನು ಒತ್ತಡದ ದೂರಾಗಿ ಅನುವಾದ ಮಾಡುತ್ತಾನೆ. ಇದರ ಜೊತೆಗೆ ಒಳಗೆ ‘ಪ್ರೆಶರ್ ಸ್ವಿಚ್’ ಎಂಬ ಬಿಡಿಭಾಗವೊಂದಿದೆ. ಡ್ರಮ್ಮಿನಲ್ಲಿ ನೀರು ಏರಿದಂತೆ ಸಣ್ಣ ಕೊಳವೆಯ ಗಾಳಿ ಒತ್ತಿಕೊಂಡು ಮಟ್ಟ ತಿಳಿಸುವ ಉಪಾಯ ಅದು, ಕೆಲವು ಅಂಗುಲ ನೀರಿನ ವ್ಯವಹಾರ. ‘ಪ್ರೆಶರ್ ಸ್ವಿಚ್ ಹೋಗಿದೆ’ ಎಂದು ಕೇಳಿಸಿಕೊಂಡು ತಾರಸಿಗೆ ಓಡಿದವರನ್ನು ನಾನು ಬಲ್ಲೆ.

ಪರೀಕ್ಷೆ ಸುಲಭ. ಮೆಷಿನ್‌ನ ಹಿಂದಿನ ಪೈಪ್ ಬಿಚ್ಚಿ, ನಳ್ಳಿ ತೆರೆದು, ಬಕೆಟ್ ತುಂಬಲು ಎಷ್ಟು ಹೊತ್ತು ಎಂದು ನೋಡಿ. ಇದು ಹರಿವು. ನಳ್ಳಿಗೆ ಉದ್ದದ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಏಣಿ ಹತ್ತಿ ಮೇಲೆತ್ತಿ, ನೀರು ಎಷ್ಟು ಎತ್ತರಕ್ಕೆ ಬಂದು ನಿಂತಿತು ಎಂದು ನೋಡಿ. ಇದು ಒತ್ತಡ. ನಡುವೆ ಪೈಪ್ ಅರ್ಧ ಕಟ್ಟಿಕೊಂಡಿದ್ದರೂ ನೀರು ನಿಧಾನವಾಗಿಯಾದರೂ ಟಾಂಕಿಯ ಮಟ್ಟಕ್ಕೆ ಏರಿಯೇ ಏರುತ್ತದೆ. ಕಟ್ಟಿಕೊಂಡಿರುವುದು ಹರಿವನ್ನು ತಿನ್ನುತ್ತದೆ, ನಿಂತ ನೀರಿನ ಒತ್ತಡವನ್ನು ಮುಟ್ಟುವುದಿಲ್ಲ.

ಅಣ್ಣನ ಮನೆಯಲ್ಲಿ ಬಕೆಟ್ ಬೇಗನೆ ತುಂಬಿತು, ಎತ್ತರವೂ ಕೈಪಿಡಿ ಕೇಳುವ 5 ಮೀಟರಿಗೆ ಮಿಕ್ಕಿ ಬಂತು. ಹಾಗಾದರೆ ತೊಂದರೆ ಪೈಪಿನಿಂದ ಆಚೆ. ಮೆಷಿನ್‌ಗೆ ನೀರು ಹೋಗುವ ಬಾಯಿಯಲ್ಲಿ ನಾಣ್ಯದಷ್ಟು ಅಗಲದ ಒಂದು ಜಾಲರಿ ಇರುತ್ತದೆ. ಇಕ್ಕುಳದಲ್ಲಿ ಹಿಡಿದು ಎಳೆದಾಗ ಜಾಲರಿ ಕಾಣಲಿಲ್ಲ, ಕೆಮ್ಮಣ್ಣಿನ ಬಿಲ್ಲೆ ಕಂಡಿತು. ಹಳೆಯ ಹಲ್ಲುಜ್ಜುವ ಬ್ರಶ್‌ನಲ್ಲಿ ತಿಕ್ಕಿ ತೊಳೆದು ಹಾಕಿದೆವು. ‘ಇಷ್ಟೆಯಾ?’ ಎಂದು ಅಣ್ಣನಿಗೆ ಸ್ವಲ್ಪ ನಿರಾಸೆಯೇ ಆಯಿತು.

ಒತ್ತಡ ನಿಜವಾಗಿಯೂ ಕಡಿಮೆ ಇರುವ ಮನೆಗಳಿಲ್ಲವೆಂದಲ್ಲ. ಮೇಲಿನ ಮಹಡಿಯಲ್ಲಿ ಮೆಷಿನ್, ಅದರ ನೆತ್ತಿಯ ಮೇಲೆ ಎರಡೇ ಮೀಟರ್ ಎತ್ತರದಲ್ಲಿ ಟಾಂಕಿ. ಅಲ್ಲಿ ಬಕೆಟ್ ಭರ್ರನೆ ತುಂಬುತ್ತದೆ, ಮೆಷಿನ್ ಮಾತ್ರ ಒಪ್ಪುವುದಿಲ್ಲ. ಅದರ ವಾಲ್ವ್‌ನೊಳಗಿನ ರಬ್ಬರ್ ಪೊರೆಯನ್ನು ಎತ್ತಬೇಕಾದದ್ದೂ ನೀರಿನ ಒತ್ತಡವೇ, ಮುಚ್ಚಿ ಹಿಡಿಯಬೇಕಾದದ್ದೂ ಅದೇ. ಸಾಲದಿದ್ದರೆ ಪೊರೆ ಪೂರ್ತಿ ಏಳುವುದಿಲ್ಲ. ಕೆಲವೊಮ್ಮೆ ಮೆಷಿನ್ ಆರಿಸಿದ ಮೇಲೂ ಒಳಗೆ ನೀರು ಜಿನುಗುತ್ತದೆ. ಆ ಮನೆಗೆ ಚೀಟಿಯಲ್ಲಿ ಬರೆದದ್ದು ಸರಿ. ಟಾಂಕಿಯನ್ನು ಎತ್ತರಿಸಬೇಕು, ಇಲ್ಲವೇ ಮೆಷಿನನ್ನು ಕೆಳಗಿಳಿಸಬೇಕು, ಎರಡೂ ಆಗದಿದ್ದರೆ ಪಂಪ್.