ಹಸಿಮದ್ದು ಅರೆಯುವಷ್ಟರಲ್ಲಿ ವಿಷ ನಿಲ್ಲುವುದಿಲ್ಲ

ಮಳೆಗಾಲ ಬಂತೆಂದರೆ ಉಡುಪಿಯಲ್ಲಿ ನಮ್ಮ ತುರ್ತು ವಿಭಾಗಕ್ಕೆ ಹಾವು ಕಚ್ಚಿದವರು ಬರುವುದು ಜಾಸ್ತಿ. ಜೊತೆಗೆ ಬಂದವರು ಸಮಾಧಾನದಿಂದ ಹೇಳುತ್ತಾರೆ: "ಹಸಿಮದ್ದು ಕುಡಿಸಿಯೇ ಕರ್ಕೊಂಡು ಬಂದದ್ದು ಡಾಕ್ಟ್ರೇ."

ಕುಂದಾಪುರ ಕಡೆಯ ಹುಡುಗನೊಬ್ಬ ಮೊಬೈಲಿನಲ್ಲಿ ಹುಣಸೆ ಬೀಜ ಹಾವಿನ ವಿಷ ತಡೆಯುತ್ತದೆ ಎಂಬ ಸುದ್ದಿ ತೋರಿಸಿ, "ಇದು ಸಂಶೋಧನೆಯಲ್ಲೇ ಉಂಟಲ್ವಾ?" ಎಂದು ಕೇಳಿದ. ಅವನ ಅಪ್ಪಯ್ಯನ ಕಾಲು ಮೊಣಕಾಲಿನವರೆಗೆ ಊದಿತ್ತು.

ಉಂಟು. ಹುಣಸೆ ಬೀಜದ ಸಾರ ಕೊಳಕುಮಂಡಲದ ವಿಷದ ಹಲವು ಕಿಣ್ವಗಳನ್ನು ತಡೆಯುತ್ತದೆ ಎಂದು 2006ರಲ್ಲಿ ಮೈಸೂರು ವಿಶ್ವವಿದ್ಯಾಲಯದವರು ತೋರಿಸಿದ್ದಾರೆ. ಒಳ್ಳೆಯ ಕೆಲಸ. ಆದರೆ ಬಹುಪಾಲು ಪ್ರಯೋಗಗಳಲ್ಲಿ ಅವರು ವಿಷವನ್ನೂ ಸಾರವನ್ನೂ ಮೊದಲೇ ಬೆರೆಸಿಟ್ಟಿದ್ದರು. ವಿಷ ಕೊಟ್ಟು 10 ನಿಮಿಷದ ನಂತರ ಸಾರ ಕೊಟ್ಟ ಪ್ರಾಣಿಗಳಿಗೂ ರಕ್ಷಣೆ ಸಿಕ್ಕಿತು, ನಿಜ. ಅಲ್ಲಿ ವಿಷಕ್ಕೂ ಅಳತೆ, ಸಾರಕ್ಕೂ ಅಳತೆ. ತೋಟದಲ್ಲಿ ಕಚ್ಚಿಸಿಕೊಂಡವರಿಗೆ ಎಷ್ಟು ವಿಷ ಇಳಿದಿದೆ ಎಂದು ಯಾರು ಅಳೆದರು? ಕಷಾಯ ಹೊಟ್ಟೆಯಲ್ಲಿರುತ್ತದೆ, ವಿಷ ಆಗಲೇ ರಕ್ತದಲ್ಲಿರುತ್ತದೆ. ಮನುಷ್ಯರಲ್ಲಿ ಹಾವಿನ ವಿಷ ಇಳಿಸುತ್ತದೆ ಎಂದು ಸಾಬೀತಾದ ಗಿಡದ ಸಾರ ನನಗೆ ತಿಳಿದಂತೆ ಇವತ್ತಿನವರೆಗೆ ಒಂದೂ ಇಲ್ಲ. ಮುಂದೆ ಬರಬಹುದು, ಬರಲಿ.

"ನೆರೆಮನೆಯವರು ಮದ್ದಿನಲ್ಲೇ ಬದುಕಿದರಲ್ಲ?" ವಿಷವಿಲ್ಲದ ಹಾವು ಕಚ್ಚಿದರೂ ಬದುಕುತ್ತಾರೆ. ನಾಗರಹಾವೇ ವಿಷ ಬಿಡದೆ ಕಚ್ಚಿದರೂ ಬದುಕುತ್ತಾರೆ. ಹೆಸರು ಬರುವುದು ಮಾತ್ರ ಮದ್ದಿಗೆ.

ಹಾವು ಕಚ್ಚಿದವರಿಗೆ ಅರೆದು ಕುಡಿಸುವ ಈಶ್ವರಿ ಬೇರಿನ ಬಗ್ಗೆ ನನಗೆ ಹೆದರಿಕೆಯೇ ಇದೆ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಪ್ರಯೋಗಾಲಯದಲ್ಲಿ ವಿಷದ ಕಿಣ್ವವನ್ನು ತಡೆಯುತ್ತದೆ. ಅದೇ ಆಮ್ಲ ಕಿಡ್ನಿ ಕೆಡಿಸುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ. ಕೊಳಕುಮಂಡಲದ ವಿಷ ಹೊಡೆಯುವುದೂ ಕಿಡ್ನಿಗೇ.

ಆ ಅಪ್ಪಯ್ಯನ 2 ಮಿ.ಲೀ. ರಕ್ತವನ್ನು ಒಣ ಗಾಜಿನ ಟ್ಯೂಬಿನಲ್ಲಿ ಅಲುಗಾಡಿಸದೆ ಇಟ್ಟೆವು. 20 ನಿಮಿಷ ಬಿಟ್ಟು ಓರೆ ಮಾಡಿದರೆ ಹೆಪ್ಪುಗಟ್ಟಿರಲೇ ಇಲ್ಲ, ನೀರಿನ ಹಾಗೆ ಹರಿಯಿತು. ವಿಷ ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸಿದೆ ಎಂದರ್ಥ. ಮಗ ಮೊಬೈಲ್ ಜೇಬಿಗಿಟ್ಟ. ಕೂಡಲೇ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ, ಶುರು ಮಾಡಿದೆವು. ಈ ಇಂಜೆಕ್ಷನ್ ರಕ್ತದಲ್ಲಿ ಓಡಾಡುವ ವಿಷವನ್ನು ಹಿಡಿಯುತ್ತದೆ. ಆಗಲೇ ಸತ್ತ ಮಾಂಸವನ್ನು ಬದುಕಿಸುವುದಿಲ್ಲ, ಕೆಟ್ಟ ಕಿಡ್ನಿಯನ್ನು ತಾನಾಗಿ ಸರಿ ಮಾಡುವುದಿಲ್ಲ. ಬೇರು ಹುಡುಕಿ, ಅರೆದು, ಕುಡಿಸಿ, "ನೋಡುವ" ಎಂದು ಕೂತ ಹೊತ್ತಿನಲ್ಲಿ ಆಗುವ ಹಾನಿ ಅದೇ.

ಕಚ್ಚಿದ ಕಾಲನ್ನು ಅಲುಗಾಡಿಸದೆ ಸೀದಾ ಎಎಸ್‌ವಿ ಇರುವ ಆಸ್ಪತ್ರೆಗೆ ಬನ್ನಿ. ಮದ್ದು ಕುಡಿಸಿ ಆಗಿದ್ದರೆ ಮುಚ್ಚಿಡಬೇಡಿ. ಯಾವ ಬೇರು, ಎಷ್ಟು ಹೊತ್ತಿಗೆ ಕೊಟ್ಟದ್ದು ಹೇಳಿ. ಉಳಿದ ಬೇರಿದ್ದರೆ ತನ್ನಿ. ನಾನಂತೂ ಬೈಯುವುದಿಲ್ಲ, ಕಿಡ್ನಿಯ ರಿಪೋರ್ಟ್ ನೋಡುವಾಗ ಅದು ನಮಗೆ ಬೇಕಾಗುತ್ತದೆ.