ಗುಂಡು ಬೀಸಿದರೆ ಪಳಗುವುದು ಎದೆಯೋ, ತೋಳು ತೊಡೆಯೋ?

ನಾವು ಕೆಟಲ್‌ಬೆಲ್ ಎನ್ನುವ ಹಿಡಿಕೆಯುಳ್ಳ ಕಬ್ಬಿಣದ ಗುಂಡಿಗೆ ರಷ್ಯನ್ನರ ಹೆಸರು ಗಿರ್ಯಾ. ತಕ್ಕಡಿಯ ತೂಕದ ಬಟ್ಟಿಗೂ ಅವರಲ್ಲಿ ಅದೇ ಹೆಸರು. ಅವರ ಹಳೆಯ ಅಳತೆಯಾದ ಒಂದು ಪೂದ್ ಅಂದರೆ ಸುಮಾರು 16.4 ಕಿಲೊ. ಇಂದಿನ 16, 24, 32 ಕಿಲೊ ಗುಂಡುಗಳು ಒಂದು, ಒಂದೂವರೆ, ಎರಡು ಪೂದ್‌ಗಳ ಲೆಕ್ಕವನ್ನೇ ಉಳಿಸಿಕೊಂಡಿವೆ.

ಗುಂಡನ್ನು ಎರಡೂ ಕೈಯಲ್ಲಿ ಹಿಡಿದು, ಬೆನ್ನು ಬಾಗಿಸದೆ ಸೊಂಟದಲ್ಲಿ ಮಡಿದು, ಕಾಲುಗಳ ನಡುವಿನಿಂದ ಎದೆಮಟ್ಟಕ್ಕೆ ಬೀಸುವುದೇ ಸ್ವಿಂಗ್. ನೋಡುವವರಿಗೆ ಕೈಯ ಕೆಲಸ. ನಿಜವಾಗಿ ಗುಂಡನ್ನು ಚಿಮ್ಮಿಸುವುದು ಪೃಷ್ಠ ಮತ್ತು ತೊಡೆಯ ಹಿಂಬದಿಯ ಸ್ನಾಯುಗಳು. ಸ್ವಲ್ಪ ಹೊತ್ತಿನಲ್ಲೇ ಏದುಸಿರು ಬರುತ್ತದೆ. ಹಾಗಾದರೆ ಇದನ್ನು ಯಾವ ಖಾತೆಗೆ ಬರೆಯಬೇಕು, ಬಲಕ್ಕೋ, ಹೃದಯ ಮತ್ತು ಶ್ವಾಸಕೋಶಗಳನ್ನು ಪಳಗಿಸುವ ಕಾರ್ಡಿಯೋಗೋ?

2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹತ್ತು ಯುವಕರು 16 ಕಿಲೊ ಗುಂಡನ್ನು 12 ನಿಮಿಷ, ಆದಷ್ಟು ಹೆಚ್ಚು ಸಲ ಬೀಸಿದರು. ಅವರ ಹೃದಯ ಬಡಿತ ಗರಿಷ್ಠ ಮಟ್ಟದ ಶೇ. 87ಕ್ಕೆ ಏರಿತು. ಆಮ್ಲಜನಕದ ಬಳಕೆ ಮಾತ್ರ ಗರಿಷ್ಠದ ಶೇ. 65ರಷ್ಟಿತ್ತು. ಪ್ರಶ್ನೆಯ ತಿರುಳು ಈ ಅಂತರದಲ್ಲೇ ಇದೆ ಎಂದು ನನಗನ್ನಿಸುತ್ತದೆ. ಓಡುವಾಗ ಬಡಿತವೂ ಆಮ್ಲಜನಕದ ಖರ್ಚೂ ಹೆಚ್ಚುಕಡಿಮೆ ಜೊತೆಯಾಗಿ ಏರುತ್ತವೆ. ಗುಂಡು ಬೀಸುವಾಗ ಮುಷ್ಟಿ ಬಿಗಿದಿರುತ್ತದೆ, ಮೈ ಮತ್ತೆ ಮತ್ತೆ ಸೆಟೆಯುತ್ತದೆ. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ಅದುಮಿದಾಗ ರಕ್ತದೊತ್ತಡ ಹೆಚ್ಚುತ್ತದೆ, ಆಮ್ಲಜನಕ ಅಷ್ಟಾಗಿ ಖರ್ಚಾಗದಿದ್ದರೂ ಹೃದಯ ಬಿರುಸಾಗಿ ಬಡಿಯುತ್ತದೆ. ಸ್ಮಾರ್ಟ್ ವಾಚ್ ತೋರಿಸುವ ಬಡಿತವನ್ನೇ ನೋಡಿ ಓಡಿದಷ್ಟೇ ಆಯಿತೆಂದುಕೊಂಡರೆ ಲೆಕ್ಕ ತಪ್ಪುತ್ತದೆ. ಹಾಗೆಂದು ಶೇ. 65 ಕಡಿಮೆಯೇನಲ್ಲ, ಎದೆ ಪಳಗಲು ಅಷ್ಟು ಸಾಕು.

ಬಲದ ವಿಷಯಕ್ಕೆ ಬಂದರೆ, 2012ರ ಇನ್ನೊಂದು ಅಧ್ಯಯನದಲ್ಲಿ ಆರು ವಾರ ಸ್ವಿಂಗ್ ಮಾಡಿದವರ ಭಾರ ಹೊತ್ತು ಅರ್ಧ ಬೈಠಕ್ ಹೊಡೆಯುವ ಶಕ್ತಿ ಸುಮಾರು ಶೇ. 10ರಷ್ಟು ಹೆಚ್ಚಿತು. ಅದೇ ವರ್ಷ ಕೆಟಲ್‌ಬೆಲ್ ಹಿಡಿದವರನ್ನು, ಉದ್ದ ಸರಳಿನ ಎರಡೂ ತುದಿಗೆ ತೂಕ ಸಿಕ್ಕಿಸಿದ ಬಾರ್‌ಬೆಲ್ ಎತ್ತಿದವರೊಂದಿಗೆ ಹೋಲಿಸಿ ನೋಡಿದಾಗ, ಇಬ್ಬರಿಗೂ ಬಲ ಬಂದಿತ್ತು, ಆದರೆ ಬಾರ್‌ಬೆಲ್‌ನವರಿಗೆ ಹೆಚ್ಚು. ಕಾರಣ ಸರಳ. ಬಲ ಏರಬೇಕಾದರೆ ಭಾರವೂ ಏರುತ್ತಿರಬೇಕು. 16 ಕಿಲೊ ಹಗುರವೆನಿಸಿದಾಗ ನಮ್ಮಲ್ಲಿ ಹೆಚ್ಚಿನವರು ಗುಂಡು ಬದಲಿಸುವುದಿಲ್ಲ, ಎಣಿಕೆ ಹೆಚ್ಚಿಸುತ್ತೇವೆ. ನಮ್ಮ ಗರಡಿಗಳಿಗೆ ಈ ಭೇದ ಹೊಸದಲ್ಲ: ನೂರಾರು ಬಸ್ಕಿ ಹೊಡೆಯುವ ಕಸುವೇ ಬೇರೆ, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲನ್ನು ಒಮ್ಮೆ ಹೆಗಲಿಗೇರಿಸುವ ಕಸುವೇ ಬೇರೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ವಯಸ್ಕರಿಂದ ಎರಡನ್ನೂ ಕೇಳುತ್ತದೆ: ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಬಿರುಸಿನ, ಇಲ್ಲವೇ 75 ನಿಮಿಷ ತೀವ್ರ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಹಗುರ ಗುಂಡನ್ನು ಹತ್ತು ಹದಿನೈದು ನಿಮಿಷ ಬೀಸಿದ್ದನ್ನು ನಾನು ಮೊದಲನೆಯದಕ್ಕೇ ಸೇರಿಸುತ್ತೇನೆ. ಐದಾರು ಸಲಕ್ಕೇ ತೋಳು ಸೋಲುವಷ್ಟು ಭಾರದ ಗುಂಡನ್ನು ತಲೆಯ ಮೇಲಕ್ಕೆ ಎತ್ತಿ, ಎರಡು ಮೂರು ನಿಮಿಷ ಸುಧಾರಿಸಿಕೊಂಡು, ಮತ್ತೆ ಎತ್ತಿದ ದಿನ ಎರಡನೆಯದಕ್ಕೆ.