ಕಾನ್ಸ್ಟ್ ಅಂತ ಬರೆದಿದ್ದರೂ ಜಿಡಿಬಿ ಬೆಲೆ ಬದಲಿಸಲು ಯಾಕೆ ಬಿಡುತ್ತದೆ?

ಪ್ರಶ್ನೆ: ಸರ್, ನಾನು ಸಿಂಧನೂರಿನವನು, ಇಂಜಿನಿಯರಿಂಗ್ ಕೊನೆಯ ವರ್ಷ. ತುಂಗಭದ್ರಾ ಎಡದಂಡೆ ಕಾಲುವೆಯ ಡಿಸ್ಟ್ರಿಬ್ಯೂಟರಿಯಲ್ಲಿ ನೀರಿನ ಗೇಜ್ ಅಳೆಯುವ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ಎಸ್‌ಟಿಎಂ32 ಮೈಕ್ರೋಕಂಟ್ರೋಲರ್ ಬೋರ್ಡ್, ಸಿ ಭಾಷೆ. ಸೆನ್ಸರ್ ಓದುವ ವೇರಿಯೇಬಲ್ ವೊಲಟೈಲ್ (ಬೆಲೆ ತಾನಾಗಿ ಬದಲಾಗಬಹುದು ಅಂತ ಕಂಪೈಲರ್‌ಗೆ ಹೇಳುವುದು), ಎಚ್ಚರಿಕೆಯ ಮಿತಿ ಕಾನ್ಸ್ಟ್ (ಕೋಡಿನಲ್ಲಿ ಬದಲಿಸುವಂತಿಲ್ಲ ಅಂತ ಹೇಳುವುದು). ಪ್ರೋಗ್ರಾಂ ನಿಲ್ಲಿಸಿ ಒಳಗೆ ನೋಡಲು ಬಳಸುವ ಡೀಬಗರ್ ಜಿಡಿಬಿ ಇವನ್ನು ಬೇರೆ ಬೇರೆ ಟೈಪ್ ಅಂತ ಇಟ್ಟುಕೊಳ್ಳುತ್ತದೆಯೇ? ಹಾಗಾದರೆ ಲ್ಯಾಪ್‌ಟಾಪ್‌ನಲ್ಲಿ ಅದೇ ಕೋಡ್ ಓಡಿಸುವಾಗ ಕಾನ್ಸ್ಟ್ ಬೆಲೆಯನ್ನು 'ಸೆಟ್ ವಾರ್' ಕೊಟ್ಟು ಬದಲಿಸಿದರೆ ಯಾಕೆ ತಡೆಯಲಿಲ್ಲ?

ಉತ್ತರ: ಟೇಲ್ ಎಂಡ್ ರೈತರಿಗೆ ನೀರು ಎಷ್ಟು ತಲುಪುತ್ತಿದೆ ಅಂತ ಗೊತ್ತಾಗುವ ಪ್ರಾಜೆಕ್ಟು, ಚೆನ್ನಾಗಿದೆ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಮೊದಲನೆಯದರಲ್ಲೇ ಇದೆ. ಅಲ್ಲಿಂದಲೇ ಶುರು ಮಾಡೋಣ.

ಜಿಡಿಬಿ ನಿಮ್ಮ ಸಿ ಕೋಡನ್ನು ಓದಿ ಟೈಪ್ ಕಂಡುಹಿಡಿಯುವುದಿಲ್ಲ. '-ಜಿ' ಹಾಕಿ ಕಂಪೈಲ್ ಮಾಡಿದಾಗ ಕಂಪೈಲರ್ ಫೈಲಿನೊಳಗೆ ಡ್ವಾರ್ಫ್ ಅನ್ನುವ ಮಾದರಿಯಲ್ಲಿ ಮಾಹಿತಿ ಬರೆದಿಡುತ್ತದೆ. ಅಲ್ಲಿ ಕಾನ್ಸ್ಟ್‌ಗೆ ಒಂದು ನಮೂದು, ವೊಲಟೈಲ್‌ಗೆ ಇನ್ನೊಂದು. ಪ್ರತಿ ನಮೂದೂ ತನ್ನ ಕೆಳಗಿನ ಟೈಪ್ ಯಾವುದು ಅಂತ ತೋರಿಸುತ್ತದೆ. ಹೀಗೆ ಸರಪಳಿ ಬೆಳೆಯುತ್ತದೆ. 'ಕಾನ್ಸ್ಟ್ ಚಾರ್ *' ಅಂದರೆ ಪಾಯಿಂಟರ್, ಅದರ ಕೆಳಗೆ ಕಾನ್ಸ್ಟ್, ಅದರ ಕೆಳಗೆ ಚಾರ್. 'ಚಾರ್ * ಕಾನ್ಸ್ಟ್' ಅಂದರೆ ಮೊದಲು ಕಾನ್ಸ್ಟ್, ಆಮೇಲೆ ಪಾಯಿಂಟರ್, ಆಮೇಲೆ ಚಾರ್. ಪರೀಕ್ಷೆಗೆ ಬಾಯಿಪಾಠ ಮಾಡುವ ಈ ವ್ಯತ್ಯಾಸ ಇಲ್ಲಿ ಕಣ್ಣಿಗೇ ಕಾಣುತ್ತದೆ. ಕಾನ್ಸ್ಟ್ ನಮೂದಿನ ಕೆಳಗೆ ಏನೂ ಇಲ್ಲದಿದ್ದರೆ ಅದು 'ಕಾನ್ಸ್ಟ್ ವಾಯ್ಡ್'.

ಜಿಡಿಬಿ ಈ ಸರಪಳಿಯನ್ನು ಹಾಗೇ ಇಟ್ಟುಕೊಳ್ಳುವುದಿಲ್ಲ. ಅದರ ಒಳಗೆ ಒಂದು ಟೈಪ್ ಅಂದರೆ ಎರಡು ಭಾಗ. ಒಂದು 'ಮೇನ್_ಟೈಪ್'. ಹೆಸರು, ಯಾವ ಜಾತಿಯ ಟೈಪ್, ಸ್ಟ್ರಕ್ಟ್ ಆಗಿದ್ದರೆ ಅದರ ಫೀಲ್ಡುಗಳು, ಎಲ್ಲ ಅದರಲ್ಲಿ. ಇನ್ನೊಂದು ಸಣ್ಣ 'ಟೈಪ್'. ಅದರಲ್ಲಿ ಮೇನ್_ಟೈಪ್ ಎಲ್ಲಿದೆ ಅನ್ನುವ ಪಾಯಿಂಟರ್, ಉದ್ದ, ಜೊತೆಗೆ ಒಂದಷ್ಟು ಫ್ಲ್ಯಾಗ್ ಬಿಟ್‌ಗಳು. ಕಾನ್ಸ್ಟ್ ಮೊದಲ ಬಿಟ್, ವೊಲಟೈಲ್ ಎರಡನೆಯದು. ಬರೀ ಕಾನ್ಸ್ಟ್ ಆದರೆ 1, ಬರೀ ವೊಲಟೈಲ್ ಆದರೆ 2, ಎರಡೂ ಇದ್ದರೆ 3. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಒಂದೇ ಪ್ಯಾಟರ್ನಿನ ಪ್ಯಾಂಟಿಗೆ ಬೇರೆ ಬೇರೆ ಲೇಬಲ್ ಹೊಲಿದು ಕಳಿಸುತ್ತಾರಲ್ವಾ, ಹಾಗೆ.

ಇಂಟ್, ಕಾನ್ಸ್ಟ್ ಇಂಟ್, ವೊಲಟೈಲ್ ಇಂಟ್, ಎಲ್ಲಕ್ಕೂ ಮೇನ್_ಟೈಪ್ ಒಂದೇ. ಅವುಗಳ ಸಣ್ಣ ಟೈಪ್‌ಗಳು ಮಾತ್ರ ಬೇರೆ, ಅವು ಒಂದನ್ನೊಂದು ಹಿಡಿದುಕೊಂಡು ಸುತ್ತು ಹಾಕಿ ನಿಂತಿರುತ್ತವೆ. ಹೊಸದಾಗಿ ವೊಲಟೈಲ್ ಇಂಟ್ ಬೇಕಾದಾಗ 'ಮೇಕ್_ಸಿವಿ_ಟೈಪ್' ಅನ್ನುವ ಫಂಕ್ಷನ್ ಮೊದಲು ಆ ಸುತ್ತಿನಲ್ಲೇ ಹುಡುಕುತ್ತದೆ. ಸಿಕ್ಕರೆ ಅದನ್ನೇ ಕೊಡುತ್ತದೆ. ಸಿಗದಿದ್ದರೆ ಮಾತ್ರ ಹೊಸದು.

ಇದು ಬರೀ ಮೆಮೊರಿ ಉಳಿಸುವ ಲೆಕ್ಕ ಅಲ್ಲ. ಒಂದು ಸ್ಟ್ರಕ್ಟ್ ಮೊದಲು ಹೆಸರಷ್ಟೇ ಗೊತ್ತಿದ್ದು, ಅದರ ಪೂರ್ತಿ ವಿವರ ಆಮೇಲೆ ಸಿಕ್ಕಿತು ಅಂದುಕೊಳ್ಳಿ. ಮೇನ್_ಟೈಪ್ ಒಂದನ್ನು ತುಂಬಿ, ಸುತ್ತಿನಲ್ಲಿರುವ ಸಣ್ಣ ಟೈಪ್‌ಗಳ ಉದ್ದ ತಿದ್ದಿದರೆ ಸಾಕು, ಅದರ ಕಾನ್ಸ್ಟ್, ವೊಲಟೈಲ್ ರೂಪಗಳೂ ಒಟ್ಟಿಗೇ ಪೂರ್ತಿಯಾಗುತ್ತವೆ. ನನಗೆ ಈ ವಿನ್ಯಾಸದಲ್ಲಿ ಜಾಸ್ತಿ ಇಷ್ಟವಾಗುವುದು ಇದೇ.

ಬಿಟ್ ಆದಮೇಲೆ ಬರೆದ ಕ್ರಮ ಉಳಿಯುವುದಿಲ್ಲ. ನೀವು 'ಇಂಟ್ ವೊಲಟೈಲ್ ಕಾನ್ಸ್ಟ್' ಅಂತ ಬರೆದರೂ ಜಿಡಿಬಿ 'ಕಾನ್ಸ್ಟ್ ವೊಲಟೈಲ್ ಇಂಟ್' ಅಂತಲೇ ತೋರಿಸುತ್ತದೆ. ಅರೇ ಸ್ವಲ್ಪ ತಕರಾರಿನದು. ಸಿ ಭಾಷೆಯ ನಿಯಮದಂತೆ ಅರೇಗೆ ಹಚ್ಚಿದ ಕಾನ್ಸ್ಟ್ ಅದರ ಒಳಗಿನ ಒಂದೊಂದು ಎಲಿಮೆಂಟಿಗೆ ಸೇರಬೇಕು. ಅದಕ್ಕೇ ಜಿಡಿಬಿಯಲ್ಲಿ ಬೇರೆ ಕೋಡೇ ಇದೆ.

ನಿಮ್ಮ ಬೋರ್ಡಿನಲ್ಲೇ ಇದನ್ನು ನೋಡಬಹುದು. ಗೇಜ್ ವೇರಿಯೇಬಲ್‌ಗೆ 'ವಾಟ್‌ಈಸ್' ಕೊಟ್ಟರೆ 'ವೊಲಟೈಲ್ ಯುಇಂಟ್32_ಟಿ' ಅಂತ ಬರುತ್ತದೆ. 'ಪಿಟೈಪ್' ಕೊಟ್ಟರೆ ಟೈಪ್‌ಡೆಫ್ (ಟೈಪಿಗೆ ಇಟ್ಟ ಅಡ್ಡಹೆಸರು) ಬಿಚ್ಚಿ 'ವೊಲಟೈಲ್ ಅನ್‌ಸೈನ್ಡ್ ಲಾಂಗ್' ಅನ್ನುತ್ತದೆ. ಟೈಪ್‌ಡೆಫ್ ಬಿಚ್ಚುವಾಗ ಫ್ಲ್ಯಾಗನ್ನು ಕೈಬಿಡದೆ ಒಳಗಿನ ಟೈಪಿಗೆ ದಾಟಿಸಿದ್ದಕ್ಕೇ ವೊಲಟೈಲ್ ಉಳಿಯಿತು. ಇನ್ನೂ ಒಳಗೆ ಇಣುಕಬೇಕಾದರೆ 'ಮೇಂಟ್ ಪ್ರಿಂಟ್ ಟೈಪ್' ಕೊಡಿ. ಉದ್ದನೆಯ ಪಟ್ಟಿ ಬರುತ್ತದೆ, ಹೆದರಬೇಡಿ. ಅದರಲ್ಲಿ 'ಇನ್‌ಸ್ಟನ್ಸ್_ಫ್ಲ್ಯಾಗ್ಸ್' ಅನ್ನುವ ಸಾಲು ಹುಡುಕಿ, 0x2 ಕಾಣಬೇಕು.

ಈಗ 'ಸೆಟ್ ವಾರ್' ವಿಷಯ. ಬೆಲೆ ಬರೆಯುವಾಗ ಜಿಡಿಬಿ ಕಾನ್ಸ್ಟ್ ಬಿಟ್ಟನ್ನು ಕೇಳುವುದೇ ಇಲ್ಲ. ಬರೆಯಲು ಒಂದು ವಿಳಾಸ ಇದೆಯಾ ಅಂತ ನೋಡುತ್ತದೆ, ಅಷ್ಟೇ. ಕಾನ್ಸ್ಟ್ ಅನ್ನುವುದು ನಿಮ್ಮ ಮತ್ತು ಕಂಪೈಲರ್ ನಡುವಿನ ಒಪ್ಪಂದ. ಲಿನಕ್ಸ್‌ನಲ್ಲಿ ಆ ವೇರಿಯೇಬಲ್ ಓದಲು ಮಾತ್ರ ಇರುವ ಪುಟದಲ್ಲಿದ್ದರೂ ಡೀಬಗರ್‌ಗೆ ಕರ್ನಲ್ ಬರೆಯಲು ಬಿಡುತ್ತದೆ. ಬ್ರೇಕ್‌ಪಾಯಿಂಟ್ ಹಾಕುವಾಗ ಕೋಡ್ ಇರುವ ಪುಟದಲ್ಲಿ ಬರೆಯುವುದೂ ಇದೇ ದಾರಿಯಿಂದ.

ಬೋರ್ಡಿನಲ್ಲಿ ಕಥೆ ಬೇರೆ. ಅಲ್ಲಿ ಕಾನ್ಸ್ಟ್ ಗ್ಲೋಬಲ್ ಸಾಮಾನ್ಯವಾಗಿ ಪ್ರೋಗ್ರಾಂ ಉಳಿಯುವ ಮೆಮೊರಿಯಾದ ಫ್ಲ್ಯಾಷ್‌ಗೆ ಹೋಗುತ್ತದೆ. ಓಪನ್‌ಓಸಿಡಿ (ಜಿಡಿಬಿಯನ್ನು ಬೋರ್ಡಿಗೆ ಜೋಡಿಸುವ ಸಾಫ್ಟ್‌ವೇರ್) ಕಳಿಸುವ ಮೆಮೊರಿ ನಕ್ಷೆಯಲ್ಲಿ ಆ ಜಾಗ ಫ್ಲ್ಯಾಷ್ ಅಂತ ಇದ್ದರೆ, ಫ್ಲ್ಯಾಷ್ ಮೆಮೊರಿಗೆ ಇಲ್ಲಿ ಬರೆಯುವಂತಿಲ್ಲ ಅಂತ ಜಿಡಿಬಿ ಎರರ್ ಕೊಡುತ್ತದೆ. ಕಾನ್ಸ್ಟ್ ಕೆಲಸ ಮಾಡಿತು ಅಂತ ಜನ ಇಲ್ಲೇ ಏಮಾರುವುದು. ತಡೆದದ್ದು ನಕ್ಷೆ, ಟೈಪ್ ಅಲ್ಲ.

ಲ್ಯಾಪ್‌ಟಾಪ್‌ನಲ್ಲಿ ಬರೆದದ್ದು ಯಶಸ್ವಿಯಾದರೂ ಪೂರ್ತಿ ನಂಬಬೇಡಿ. ಮಿತಿ 40 ಅಂತ ಕಾನ್ಸ್ಟ್ ಇಟ್ಟು ಆಪ್ಟಿಮೈಸ್ ಮಾಡಿ ಕಂಪೈಲ್ ಮಾಡಿದರೆ, ಕಂಪೈಲರ್ ಆ 40ನ್ನು ನೇರವಾಗಿ ಹೋಲಿಕೆಯ ಇನ್‌ಸ್ಟ್ರಕ್ಷನ್‌ಗೇ ಸೇರಿಸಿಬಿಡಬಹುದು. ನೀವು 60 ಅಂತ ಬದಲಿಸುತ್ತೀರಿ, ಪ್ರಿಂಟ್ ಕೊಟ್ಟರೆ 60 ಬರುತ್ತದೆ, ಪ್ರೋಗ್ರಾಂ ಮಾತ್ರ 40ಕ್ಕೇ ಎಚ್ಚರಿಕೆ ಕೊಡುತ್ತದೆ. ಮಿತಿಯನ್ನು ಓಡುತ್ತಿರುವಾಗಲೇ ತಿದ್ದಿ ನೋಡಬೇಕಾದರೆ, ಅಷ್ಟು ದಿನ ಕಾನ್ಸ್ಟ್ ತೆಗೆದು ವೊಲಟೈಲ್ ಹಾಕಿಡಿ.

ವೊಲಟೈಲ್ ಬಗ್ಗೆಯೂ ಜಿಡಿಬಿ ಇಷ್ಟೇ ನಿರ್ಲಿಪ್ತ. ಓದಿದರೆ ಏನಾದರೂ ಬದಲಾಗುತ್ತದೆಯೇ ಅಂತ ಅದು ಯೋಚಿಸುವುದಿಲ್ಲ. ನಿಮ್ಮ ಸೆನ್ಸರ್ ಯುಆರ್ಟ್ (ಸೀರಿಯಲ್ ಸಂಪರ್ಕ) ಮೂಲಕ ಡೇಟಾ ಕಳಿಸುತ್ತಿದ್ದರೆ ಇದು ಕಾಡುತ್ತದೆ. ಎಸ್‌ಟಿಎಂ32ಎಫ್4ರಂಥ ಚಿಪ್‌ಗಳಲ್ಲಿ ಡೇಟಾ ರಿಜಿಸ್ಟರನ್ನು ಓದಿದ ಕೂಡಲೇ 'ಬೈಟ್ ಬಂದಿದೆ' ಅನ್ನುವ ಫ್ಲ್ಯಾಗ್ ಅಳಿಸಿಹೋಗುತ್ತದೆ. ಓದಿದ್ದು ನಿಮ್ಮ ಕೋಡೋ ಡೀಬಗರೋ ಅಂತ ಚಿಪ್ ನೋಡುವುದಿಲ್ಲ. ಆ ರಿಜಿಸ್ಟರಿಗೆ 'ಡಿಸ್‌ಪ್ಲೇ' ಹಾಕಿಟ್ಟರೆ ಪ್ರತಿ ಸಲ ನಿಂತಾಗಲೂ ಜಿಡಿಬಿ ಅದನ್ನು ಓದುತ್ತದೆ, ಗೇಜ್ ರೀಡಿಂಗ್‌ನ ಒಂದೊಂದು ಬೈಟ್ ಸುಮ್ನೆ ಮಾಯವಾಗುತ್ತದೆ. ಇಂಟರಪ್ಟ್ ಒಳಗೆ ಆ ಬೈಟನ್ನು ರ‍್ಯಾಮ್‌ನ ಬಫರಿಗೆ ನಕಲು ಮಾಡಿ, ಡೀಬಗರ್‌ನಲ್ಲಿ ಆ ಬಫರನ್ನೇ ನೋಡಿ.